ಅರ್ಧ ಇಂಚಿನ ಪೈಪಿನಲ್ಲಿ ನಿಂತ ನೀರು

ಚೌತಿಗೆ ಅಂಕೋಲೆಯ ಮನೆಗೆ ಬಂದಿದ್ದ ಅಕ್ಕನ ಮಗ ಜಗಲಿಯಲ್ಲಿ ಕೂತು ಕೇಳಿದ, "ಮಾವ, ಪ್ಲಾಂಟ್ ಟ್ರಿಪ್ ಆದ್ರೆ ನೀವು ಮೊದಲು ಏನ್ ಮಾಡ್ತಿದ್ರಿ?" ಟ್ರಿಪ್ ಅಂದರೆ ಯಂತ್ರ ತಾನಾಗಿ ನಿಂತುಬಿಡುವುದು. ಅವನಿಗೆ ಈಗಷ್ಟೇ ಒಂದು ರಿಫೈನರಿಯಲ್ಲಿ ಟ್ರೈನಿ ಆಪರೇಟರ್ ಕೆಲಸ ಸಿಕ್ಕಿದೆ. ನಾನು ಅದೇ ಕೆಲಸ 31 ವರ್ಷ ಮಾಡಿ ಊರು ಸೇರಿದವನು.

"ಗಡಿಯಾರ ನೋಡ್ತಿದ್ದೆ ತಮಾ" ಅಂದೆ. ಅವನು ನಕ್ಕ. ತಮಾಷೆ ಅಂದುಕೊಂಡ. ಹಾಗಾಗಿ ಆ ಜುಲೈ ರಾತ್ರಿಯ ಕತೆ ಹೇಳಬೇಕಾಯಿತು.

ನಾನಿದ್ದದ್ದು ಕಡಲ ಬದಿಯ ಒಂದು ರಿಫೈನರಿ. ಯಾವುದು, ಎಲ್ಲಿ ಅನ್ನೋದು ಬೇಡ. ನನ್ನ ಕೆಲಸ ಗಂಧಕದ ಘಟಕದಲ್ಲಿ. ಕಚ್ಚಾ ತೈಲದಲ್ಲಿ ಗಂಧಕ ಇರುತ್ತದೆ. ಅದನ್ನು ಡೀಸೆಲ್, ಪೆಟ್ರೋಲಿನಿಂದ ಬೇರೆ ಮಾಡಿದಾಗ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಅದೇ ಕೊಳೆತ ಮೊಟ್ಟೆಯ ನಾತದ ಗ್ಯಾಸು. ನಮ್ಮ ಘಟಕ ಅದರ ಮೂರರಲ್ಲಿ ಒಂದು ಪಾಲು ಸುಟ್ಟು, ಉಳಿದ ಎರಡು ಪಾಲಿನ ಜೊತೆ ಸೇರಿಸಿ ಹಳದಿ ಗಂಧಕ ಮಾಡುತ್ತದೆ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಇಂಧನ ಬಂತು, ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಹತ್ತು ಪಾಲು, ದಾಟುವ ಹಾಗಿಲ್ಲ. ಅದಕ್ಕೆ ಮುಂಚೆ 50 ಇತ್ತು. ಬಂಡಿಯ ಹೊಗೆಯಲ್ಲಿ ಹೋಗುತ್ತಿದ್ದ ಆ ಗಂಧಕವೂ ಈಗ ರಿಫೈನರಿಯ ಒಳಗೇ ಉಳಿಯುತ್ತದೆ. ಅಂದರೆ ನಮ್ಮ ಘಟಕ ನಿಂತರೆ ಅದಕ್ಕೆ ಹೋಗಲು ಇರುವ ದಾರಿ ಒಂದೇ, ಫ್ಲೇರ್, ಬೇಡದ ಗ್ಯಾಸು ಸುಟ್ಟುಬಿಡುವ ಎತ್ತರದ ಕೊಳವೆ.

ರಾತ್ರಿ ಪಾಳಿ. ಹೊರಗೆ ಜಡಿ ಮಳೆ. ಕಂಟ್ರೋಲ್ ರೂಮಿನ ಪ್ಯಾನೆಲ್‌ನಲ್ಲಿ ನಾನು, ಫೀಲ್ಡಿನಲ್ಲಿ ಶಿರಸಿ ಕಡೆಯ ಹುಡುಗ ಒಬ್ಬ. 2 ಗಂಟೆ 10 ನಿಮಿಷಕ್ಕೆ, ಗ್ಯಾಸು ಸುಡುವ ಫರ್ನೇಸಿಗೆ ಗಾಳಿ ಊದುವ ಬ್ಲೋವರ್ ಟ್ರಿಪ್. ಫರ್ನೇಸ್ ಆರಿತು. ಗ್ಯಾಸು ತಾನಾಗಿ ಫ್ಲೇರಿಗೆ ತಿರುಗಿತು. ಹಾಗೆ ತಿರುಗಲಿ ಎಂದೇ ಮಾಡಿಟ್ಟ ವ್ಯವಸ್ಥೆ ಅದು, ಅದರಲ್ಲಿ ತಪ್ಪೇನಿಲ್ಲ.

ತಪ್ಪು ಮಾಡಿದ್ದು ನಾನು. ಈ ಗ್ಯಾಸು ತಾನಾಗಿ ಚೆನ್ನಾಗಿ ಉರಿಯುವ ಜಾತಿಯದಲ್ಲ, ಜೊತೆಗೆ ಫ್ಯುಯಲ್ ಗ್ಯಾಸ್ ಕೊಡಬೇಕು. ಒಲೆಗೆ ಹಸಿ ಸೌದೆ ಇಟ್ಟು ಅಡಿಗೆ ತೆಂಗಿನ ಗರಿ ತುರುಕಿದ ಹಾಗೆ. ನಾನು ಬ್ಲೋವರ್ ಮತ್ತೆ ಶುರು ಮಾಡುವ ಗಡಿಬಿಡಿಯಲ್ಲಿ ಅದನ್ನು ಮರೆತೆ. ಏಳು ನಿಮಿಷ. ಶಿರಸಿ ಹುಡುಗ ವಾಕಿಟಾಕಿಯಲ್ಲಿ "ಅಣ್ಣ, ಫ್ಲೇರ್ ಬೆಂಕಿ ಒಂಥರಾ ಮಂಕಾಗಿದೆ, ನೋಡಿ" ಅಂದಾಗಲೇ ನೆನಪಾದದ್ದು. ವಾಲ್ವ್ ತೆರೆದೆ. ಅಷ್ಟರಲ್ಲಿ ಗೇಟಿನಿಂದ ಫೋನ್ ಬಂತು. ಊರವರು ನಾತ ಅಂತಿದ್ದಾರೆ, ಮಕ್ಕಳು ಕೆಮ್ಮುತ್ತಿದ್ದಾರೆ.

ಕಡಲ ಬದಿಯಲ್ಲಿ ಬೆಳೆದವನಿಗೆ ಗಾಳಿ ಗೊತ್ತಿರಬೇಕು, ಅಲ್ವಾ? ಬೇಸಿಗೆಯಲ್ಲಾದರೆ ಆ ಹೊತ್ತಿಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ನಮ್ಮಲ್ಲಿ ದೋಣಿ ಇಳಿಸುವುದೇ ಅದನ್ನು ನಂಬಿಕೊಂಡು. ಮಳೆಗಾಲದಲ್ಲಿ ಹಾಗಲ್ಲ. ಹಗಲು ರಾತ್ರಿ ಪಡುವಣ ಗಾಳಿಯೇ. ಫ್ಲೇರಿನದ್ದೆಲ್ಲ ಸೀದಾ ಊರಿನ ಮೇಲೆ.

ಮುಂದಿನದು ಕೈ ತನ್ನಷ್ಟಕ್ಕೆ ಮಾಡುವ ಕೆಲಸ. ಬ್ಲೋವರ್ ಒಂದು ಸಲ ಎದ್ದು ಮತ್ತೆ ಬಿತ್ತು. ಇದು ಬೇಗ ಮುಗಿಯುವುದಿಲ್ಲ ಅನ್ನಿಸಿ ಫ್ಲೇರಿಗೆ ಹೋಗುವುದನ್ನೇ ಕಡಿಮೆ ಮಾಡಲು ಹೊರಟೆ. ಗ್ಯಾಸು ಬಿಡುವ ಕೊಳಕು ನೀರನ್ನು ಟ್ಯಾಂಕಿನಲ್ಲೇ ತಡೆದು ಇಟ್ಟೆ. ಈ ಗ್ಯಾಸು ಹೀರಿಕೊಂಡು ಕಾಯಿಸಿದರೆ ಬಿಡುವ ದ್ರವ ಅಮೈನ್, ಅದನ್ನು ಕಾಯಿಸುವ ಸ್ಟೀಮ್ ಇಳಿಸಿದೆ. ಡೀಸೆಲ್ ಘಟಕದವರಿಗೆ ಲೋಡ್ ಕಡಿಮೆ ಮಾಡಿ ಅಂದೆ. ಅವರು ಗೊಣಗಿದರು, ಆದರೂ ಮಾಡಿದರು. 2:35ರ ಹೊತ್ತಿಗೆ ಗ್ಯಾಸು ಶೇಕಡ ನೂರರಿಂದ ನಲವತ್ತಕ್ಕೆ ಇಳಿದಿತ್ತು. ಫರ್ನೇಸ್ ಮತ್ತೆ ಹೊತ್ತಿಕೊಂಡು ಗ್ಯಾಸು ಒಳಗೆ ಬಂದಾಗ ಗಂಟೆ 5.

ಬೆಳಿಗ್ಗೆ ರಿಪೋರ್ಟಿನ ಕರಡು ಬಂತು. "ಸುಮಾರು 15 ನಿಮಿಷ ಫ್ಲೇರಿಂಗ್. ಗಮನಾರ್ಹ ಹೊರಸೂಸುವಿಕೆ ಇಲ್ಲ." ಯಾರೋ ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಹಿಂದಿನ ರಿಪೋರ್ಟಿನಿಂದ ಎತ್ತಿ ಅಂಟಿಸಿದ್ದು ಅಷ್ಟೇ. ನನಗೆ ಅದೇ ಜಾಸ್ತಿ ಕೆಟ್ಟದ್ದು ಅನ್ನಿಸಿತು.

ನನ್ನ ಲಾಗ್‌ಬುಕ್ಕಿನಲ್ಲಿ ಹೊತ್ತು ಇತ್ತು. ಪೆನ್ನು ತಗೊಂಡು ಕೂತೆ. ಆ ದಿನ ನಾವು ತೆಗೆಯುತ್ತಿದ್ದ ಗಂಧಕ ದಿನಕ್ಕೆ 120 ಟನ್, ಗಂಟೆಗೆ 5 ಟನ್. ಮೊದಲ 25 ನಿಮಿಷ ಪೂರ್ತಿ ಲೋಡ್, ಸುಮಾರು 2 ಟನ್. ಆಮೇಲಿನ 2 ಗಂಟೆ 25 ನಿಮಿಷ ಗಂಟೆಗೆ 2 ಟನ್ ಲೆಕ್ಕದಲ್ಲಿ 4.8 ಟನ್. ಒಟ್ಟು 7 ಟನ್ನಿಗೆ ಸ್ವಲ್ಪ ಕಡಿಮೆ. ಇನ್ನು ಶಾಲೆಯ ಕೆಮಿಸ್ಟ್ರಿ. ಗಂಧಕದ ತೂಕ 32, ಸುಟ್ಟರೆ ಅಷ್ಟೇ ತೂಕದ ಆಮ್ಲಜನಕ ಸೇರಿ ಸಲ್ಫರ್ ಡೈಆಕ್ಸೈಡ್ 64. ಅಂದರೆ ಒಂದಕ್ಕೆ ಎರಡು. ಹದಿಮೂರು ಹದಿನಾಲ್ಕು ಟನ್ ಸಲ್ಫರ್ ಡೈಆಕ್ಸೈಡ್ ಒಂದು ರಾತ್ರಿ ಊರಿನ ಕಡೆ ಹೋಗಿದೆ. ಗಾಳಿಯಲ್ಲಿ ಇದರ 24 ಗಂಟೆಯ ಸರಾಸರಿ ಒಂದು ಘನ ಮೀಟರಿಗೆ 80 ಮೈಕ್ರೋಗ್ರಾಂ ದಾಟಬಾರದು ಅನ್ನೋದು ನಮ್ಮ ದೇಶದ ಮಿತಿ. ಮೈಕ್ರೋಗ್ರಾಂ ಎಲ್ಲಿ, ಟನ್ ಎಲ್ಲಿ!

ನಾತದ್ದು ಬೇರೆ ಲೆಕ್ಕ. ಪೂರ್ತಿ ಸುಟ್ಟಿದ್ದರೆ ಮೊಟ್ಟೆಯ ನಾತ ಬರುತ್ತಿರಲಿಲ್ಲ. ಆ 2 ಟನ್ನಿನಲ್ಲಿ ಶೇಕಡ ಒಂದು ಸುಡದೆ ಹೋದರೂ 20 ಕಿಲೋ ಆಯಿತು, ನಮ್ಮ ಮೂಗಿಗೆ ಅದರ ಚೂರು ಪಾಲು ಸಾಕು. ನನ್ನ ಏಳು ನಿಮಿಷದ ಮರೆವನ್ನೂ ಬರೆದೆ. ಬರೆಯುವಾಗ ಕೈ ಹಿಂದೆ ಮುಂದೆ ನೋಡಿತು, ಸುಳ್ಳು ಯಾಕೆ ಹೇಳಲಿ.

ಇಲ್ಲಿ ಅಳಿಯ ನಡುವೆ ಬಾಯಿ ಹಾಕಿದ. "ನಾತ ಬಂದ್ರೆ ಗ್ಯಾಸ್ ಇದೆ, ಹೋದ್ರೆ ಇಲ್ಲ, ಅಷ್ಟೇ ಅಲ್ವಾ ಮಾವ?" ನನಗೆ ಸಿಟ್ಟೇ ಬಂತು. 100 ಪಿಪಿಎಂ ಹತ್ತಿರ ಹೋದರೆ ಈ ಗ್ಯಾಸು ಮೂಗನ್ನೇ ಕೊಲ್ಲುತ್ತದೆ. ನಾತ ನಿಂತಿತು ಅಂತ ನೀನು ಒಳಗೆ ಹೆಜ್ಜೆ ಇಟ್ಟಿರುತ್ತೀಯ. ಗಾಳಿಗಿಂತ ಭಾರ ಬೇರೆ, ಹೊಂಡದಲ್ಲಿ, ಚರಂಡಿಯಲ್ಲಿ ಹೋಗಿ ಕೂರುತ್ತದೆ. ಎದೆಗೆ ಸಿಕ್ಕಿಸಿಕೊಂಡ ಮೀಟರ್ ಕೂಗಿದರೆ ಅಡ್ಡ ಗಾಳಿಗೆ ಓಡು, ಮೂಗನ್ನು ಕೇಳಬೇಡ ಅಂದೆ. ಒಳಗಿನಿಂದ ಅಕ್ಕ, "ಹಬ್ಬದ ದಿನ ಹುಡುಗನಿಗೆ ಎಂಥ ಮಾತು ಮಾರಾಯಾ" ಅಂದಳು.

ಟನ್ನಿನ ಲೆಕ್ಕ ಮೇಲೆ ಹೋದದ್ದರಿಂದ ಒಂದು ಕೆಲಸ ಆಯಿತು. ಹದಿನೈದು ನಿಮಿಷ ಅಂತ ಹೋಗಿದ್ದರೆ ಯಾರೂ ಬ್ಲೋವರ್ ಹತ್ತಿರ ಸುಳಿಯುತ್ತಿರಲಿಲ್ಲ. ಹೋಗಿ ನೋಡಿದರೆ ಬ್ಲೋವರ್ ಗಟ್ಟಿಮುಟ್ಟಾಗಿದೆ! ಗಾಳಿ ಎಷ್ಟು ಹರಿಯುತ್ತಿದೆ ಅಂತ ಅಳೆಯಲು ಮೂರು ಟ್ರಾನ್ಸ್‌ಮಿಟರ್ ಇದ್ದವು. ಎರಡು ಸೇರಿ ಗಾಳಿ ಕಡಿಮೆ ಅಂದರೆ ಟ್ರಿಪ್. ಒಂದು ತಿಂಗಳ ಹಿಂದೆಯೇ ಕೆಟ್ಟಿತ್ತು, ಬಿಡಿಭಾಗ ಬರಲಿ ಅಂತ ಬಿಟ್ಟಿದ್ದರು. ಗಾಳಿ ಕಡಿಮೆ ಅನ್ನೋ ಅದರ ಮತ ಮೊದಲೇ ಬಿದ್ದು ಆಗಿತ್ತು. ಇನ್ನೊಂದಕ್ಕೆ ಗಾಳಿಯ ಒತ್ತಡ ಒಯ್ಯುವ ಅರ್ಧ ಇಂಚಿನ ಟ್ಯೂಬ್, ಅದನ್ನು ಇಂಪಲ್ಸ್ ಲೈನ್ ಅನ್ನುತ್ತಾರೆ, ನಡುವೆ ಕ್ಲ್ಯಾಂಪ್ ತುಕ್ಕು ತಿಂದು ಜೋತುಬಿದ್ದಿತ್ತು. ಉಪ್ಪುಗಾಳಿ. ಮಳೆಗಾಲದ ತೇವ ಆ ಹೊಟ್ಟೆಯಲ್ಲಿ ನೀರಾಗಿ ನಿಂತಿತ್ತು. ಒತ್ತಡ ಸರಿಯಾಗಿ ದಾಟದೆ ಅದೂ ಗಾಳಿ ಕಡಿಮೆ ಅಂದಿತು. ಫಿಟ್ಟಿಂಗ್ ಬಿಚ್ಚಿದಾಗ ಬಿದ್ದದ್ದು ಒಂದು ಚಹಾ ಲೋಟದಷ್ಟೂ ಇರಲಿಲ್ಲ.

ಟ್ಯೂಬಿಗೆ ಇಳಿಜಾರು ಕೊಟ್ಟು, ಹೊಸ ಕ್ಲ್ಯಾಂಪ್ ಹಾಕಿದರು. ಮೂರನೇ ಟ್ರಾನ್ಸ್‌ಮಿಟರ್ ನಾಲ್ಕೇ ದಿನದಲ್ಲಿ ಬಂತು, ಎಲ್ಲಿತ್ತೋ ಏನೋ. ಆಮೇಲೆ ನಾನು ಪ್ರತಿ ಮೇ ತಿಂಗಳು ಆ ಟ್ಯೂಬುಗಳ ಉದ್ದಕ್ಕೂ ಕೈ ಆಡಿಸಿಕೊಂಡು ನಡೆಯುತ್ತಿದ್ದೆ. ಗಾರೆಯವರ ಮಟ್ಟಗೋಲು ಜೇಬಿನಲ್ಲೇ ಇರುತ್ತಿತ್ತು. ಸುಮ್ನೆ ನಗುವವರು ನಕ್ಕರು.

ಹಬ್ಬ ಮುಗಿಸಿ ಹುಡುಗ ಡ್ಯೂಟಿಗೆ ಹೋದ. ಹತ್ತು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ ಫೋನು.

"ಮಾವ, ನಮ್ಮ ಬ್ಲೋವರ್ ಹತ್ರ ಹೋಗಿ ನೋಡಿದೆ. ಟ್ಯೂಬು ಜೋತು ಬಿದ್ದಿದೆ."

"ಬರೆದೆಯಾ?"

"ಹೊಸಬ ನಾನು, ಈಗಲೇ ಬರೆದ್ರೆ..."

"ಗಂಟೆ ಎಷ್ಟು ಈಗ?"

ಆಚೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಪುಟ ತಿರುವಿದ ಸದ್ದು.