ಸೈನೈಡ್ ಗುಡ್ಡದ ಮಗ್ಗುಲಲ್ಲಿ ಒಂದು ಬೇಲಿ

ಆಷಾಢದ ಗಾಳಿ ಎದ್ದರೆ ಕೆಜಿಎಫ್‌ನ ನಮ್ಮ ಶಾಲೆಯಲ್ಲಿ ಕಿಟಕಿ ಮುಚ್ಚಿಯೇ ಪಾಠ ಮಾಡಬೇಕು. ಪಡುವಣ ದಿಕ್ಕಿನ ಸೈನೈಡ್ ಗುಡ್ಡದಿಂದ ಹಿಟ್ಟಿನಂಥ ಧೂಳು ಬಂದು ಬೆಂಚು, ಪುಸ್ತಕ, ಮಕ್ಕಳ ರೆಪ್ಪೆಗಳ ಮೇಲೆಲ್ಲ ಕೂರುತ್ತದೆ. ಇಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಚಿನ್ನ ಹೋಯಿತು, ಸೈನೈಡ್ ಬಳಸಿ ಅದನ್ನು ತೆಗೆದ ಮೇಲೆ ಮಿಕ್ಕ ಅರೆದ ಕಲ್ಲಿನ ಪುಡಿ 3 ಕೋಟಿ ಟನ್ನಿಗೂ ಮಿಕ್ಕಿ ಗುಡ್ಡಗಳಾಗಿ ಊರಿನ ನಡುವೆಯೇ ಉಳಿಯಿತು. ಬಯಲಿಗೆ ಬಿದ್ದ ಸೈನೈಡ್ ಬಿಸಿಲಿಗೆ ಕ್ರಮೇಣ ಒಡೆಯುತ್ತದೆ. ಶ್ವಾಸಕೋಶಕ್ಕೆ ಇಳಿಯುವ ಬೆಣಚುಕಲ್ಲಿನ ಪುಡಿ ಎಲ್ಲಿಗೂ ಹೋಗುವುದಿಲ್ಲ. ಈ ಊರಿಗೆ ಕಾರ್ಖಾನೆ ಬರಲಿ, ಪ್ರವಾಸಿಗರು ಬರಲಿ, ಬೇಡವೆನ್ನುವುದಿಲ್ಲ. ಮೊದಲು ಧೂಳು ನಿಲ್ಲಬೇಕು.

ಗುಡ್ಡ ನಮ್ಮದಲ್ಲ, ಶಾಲೆಯ ಅಂಚು ನಮ್ಮದು. ಅಲ್ಲಿ ಗಿಡ ನೆಡಲು ಹೊರಟೆ. ಮೊದಲ ವರ್ಷ ಜೂನ್ 5ರಂದು ನೆಟ್ಟ ಹೊಂಗೆ ಸಸಿಗಳಲ್ಲಿ ಒಂದೂ ಉಳಿಯಲಿಲ್ಲ. ಗುಂಡಿ ತೋಡಿದಾಗ ಬಂದದ್ದು ಅದೇ ಪುಡಿ: ನೀರು ಹೊಯ್ದರೆ ಮೇಲೆ ಹೆಪ್ಪುಗಟ್ಟುತ್ತದೆ, ಬೇರಿಗೆ ಸಾರವೇ ಇಲ್ಲ. ಎಳೆಯ ಗಿಡಕ್ಕೆ ಆಷಾಢದ ಗಾಳಿಯೂ ಸೇರಿತು.

ಮರುವರ್ಷ ಹುಬ್ಬೆ ಮಳೆಗೆ ಕಾದೆ. ಕೋಲಾರ ಸೀಮೆಗೆ ನಿಜವಾದ ಮಳೆ ಆಗಸ್ಟ್ ದಾಟಿದ ಮೇಲೆಯೇ. ಗಾಳಿ ಬರುವ ಕಡೆ ಮೊದಲು ಎರಡು ಸಾಲು ಕತ್ತಾಳೆ ಹಾಕಿದೆವು. ಅದು ನೀರು ಕೇಳುವುದಿಲ್ಲ, ಅದರ ಮುಳ್ಳು ಆಡುಗಳನ್ನೂ ತಡೆಯುತ್ತದೆ. ಒಳಸಾಲಿನಲ್ಲಿ ಎರಡಡಿ ಗುಂಡಿ ತೆಗೆದು, ಪುಡಿಯನ್ನು ಹೊರಗೆ ಹಾಕಿ, ಕೆರೆಯ ಗೋಡುಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ ಹೊಂಗೆ, ಬೇವು ನೆಟ್ಟೆವು. ಬುಡಕ್ಕೆ ರಾಗಿ ಹುಲ್ಲಿನ ಹೊದಿಕೆ. ಹಣ್ಣಿನ ಗಿಡ, ಸೊಪ್ಪು ಬೇಡವೆಂದು ಹಟ ಹಿಡಿದೆ. ಆ ಮಣ್ಣಿನಲ್ಲಿ ಬೆಳೆದದ್ದನ್ನು ಮಕ್ಕಳು ತಿನ್ನಬಾರದು. ಅಗೆಯುವ ಕೆಲಸಕ್ಕೂ ಮಕ್ಕಳನ್ನು ಸೇರಿಸಲಿಲ್ಲ. ದೊಡ್ಡವರೇ ನೆಲಕ್ಕೆ ನೀರು ಚಿಮುಕಿಸಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಗೆದೆವು.

ಗಣಿ ಕಾರ್ಮಿಕರ ಲೈನ್ ಮನೆಯ ತಾತ ಒಬ್ಬರು ಕರೆಯದೆಯೇ ಬಂದರು. ಚಾಂಪಿಯನ್ ರೀಫ್ ಗಣಿಯಲ್ಲಿ ಕಲ್ಲು ಕೊರೆದವರು; ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. "ಈ ಪುಡಿ ನಾವೇ ಮೇಲಕ್ಕೆ ಕಳುಹಿಸಿದ ಕಲ್ಲು, ಮೇಷ್ಟ್ರೇ" ಎಂದರು. ಬೇಸಿಗೆಯುದ್ದಕ್ಕೂ ಸಂಜೆ ಅರ್ಧ ಕೊಡ ನೀರು ತಂದು ಹೊಯ್ದವರು ಅವರೇ.

ಈಗ ಮೂರನೆಯ ವರ್ಷ. ಹೊಂಗೆ ನನ್ನ ಎದೆಯೆತ್ತರಕ್ಕೆ ಬಂದಿದೆ, ಕತ್ತಾಳೆಯ ಬುಡದಲ್ಲಿ ಧೂಳು ಗೇಣುದ್ದ ಒಟ್ಟಿಕೊಂಡಿದೆ. ಕಿಟಕಿಗಳನ್ನು ಗಾಳಿಯ ದಿನ ಈಗಲೂ ಮುಚ್ಚುತ್ತೇವೆ. ಬೆಂಚು ಒರೆಸುವುದು ಮಾತ್ರ ದಿನಕ್ಕೆ ಒಮ್ಮೆ ಸಾಕಾಗಿದೆ. ಲೈನ್ ಮನೆಗಳ ಕಡೆಗೂ ಒಂದು ಸಾಲು ಬೇಕೆಂದು ತಾತ ಕೇಳಿದ್ದಾರೆ. ಗುಂಡಿ ತೆಗೆದಾಗಿದೆ, ಹುಬ್ಬೆ ಮಳೆ ಬರಬೇಕು.