ಎಳೆ ಬಿಟ್ಟು ಗುಂಡಿ ಎಣಿಸಿದಾಗ ಮಿಯೋಸಿಸ್ ಅರ್ಥವಾಯಿತು

ಈರುಳ್ಳಿಯ ದೇಹಕೋಶದಲ್ಲಿ 16 ಕ್ರೋಮೊಸೋಮ್‌ಗಳಿವೆ (ಡಿಎನ್‌ಎ ಹೊತ್ತ ವರ್ಣತಂತುಗಳು). ಈ ಸಂಖ್ಯೆಯನ್ನು ಅರ್ಧಕ್ಕಿಳಿಸುವ, ಎರಡು ಸುತ್ತಿನ ಕೋಶವಿಭಜನೆಯೇ ಮಿಯೋಸಿಸ್. ಅದರ ಮೊದಲ ಅನಾಫೇಸ್, ಅಂದರೆ ಕ್ರೋಮೊಸೋಮ್‌ಗಳು ಕೋಶದ ಎರಡು ತುದಿಗಳಿಗೆ ಸರಿಯುವ ಹಂತ, ಮುಗಿದಾಗ ಒಂದು ಧ್ರುವದಲ್ಲಿ (ತುದಿಯಲ್ಲಿ) ಎಷ್ಟು ಕ್ರೋಮೊಸೋಮ್, ಎಷ್ಟು ಕ್ರೊಮ್ಯಾಟಿಡ್ (ನಕಲಾದ ಕ್ರೋಮೊಸೋಮ್‌ನ ಒಂದೊಂದು ಎಳೆ)? ಪ್ರಥಮ ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಈ ಪ್ರಶ್ನೆ ಕೊಡುತ್ತೇನೆ. ಮೊದಲೆಲ್ಲ ಅರವತ್ತು ಮಂದಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಸರಿಯಾಗಿ ಬರೆದರೆ ಹೆಚ್ಚು. ಕಳೆದ ವರ್ಷ ನಲವತ್ತೈದು ದಾಟಿತು. ಅದಕ್ಕೆ ಬೇಕಾದದ್ದು ಉಣ್ಣೆ ದಾರ ಮತ್ತು ರವಿಕೆಗೆ ಹೊಲಿಯುವ ಟಿಚ್ ಬಟನ್, ಅಷ್ಟೇ.

ಅಲ್ಲಿಗೆ ತಲುಪುವ ಮುನ್ನ ಕೈಯಿಂದ ಹೋದ ಹಣ ಸಣ್ಣದಲ್ಲ. ಥರ್ಮೋಕೋಲ್ ಮಾದರಿಗೆ ಸುಮಾರು 1,200 ರೂಪಾಯಿ ಆಯಿತು. ನೋಡಲು ಚೆನ್ನಾಗಿತ್ತು, ಆದರೆ ಅದು ಅಲುಗಾಡುವುದಿಲ್ಲ. ಅಲುಗಾಡದ ವಸ್ತುವಿನಿಂದ ವಿಭಜನೆ ಕಲಿಸಲಾಗದು. ಆಮೇಲೆ ಪ್ರೊಜೆಕ್ಟರ್ ಬಾಡಿಗೆಗೆ ತಂದು ಅನಿಮೇಷನ್ ತೋರಿಸಿದೆ. ಮಕ್ಕಳು ಸಿನಿಮಾ ನೋಡಿದಂತೆ ನೋಡಿದರು, ಪರೀಕ್ಷೆಯಲ್ಲಿ ಹಳೆಯ ತಪ್ಪನ್ನೇ ಬರೆದರು. ಬಣ್ಣದ ಜೇಡಿಮಣ್ಣು ಕೊಟ್ಟರೆ ಅರ್ಧ ಗಂಟೆಯಲ್ಲಿ ತಾಯಿಯಿಂದ ಬಂದ ಕ್ರೋಮೊಸೋಮೂ ತಂದೆಯಿಂದ ಬಂದದ್ದೂ ಕಲಸಿ ಒಂದೇ ಕಂದು ಮುದ್ದೆಯಾಯಿತು.

ಉಣ್ಣೆ ದಾರಕ್ಕೆ ಬಂದಾಗಲೂ ಮೊದಲು ಸೆಂಟ್ರೊಮಿಯರ್ (ಎರಡು ಎಳೆಗಳನ್ನು ಹಿಡಿದಿಡುವ ಜಾಗ) ಆಗಿದ್ದದ್ದು ಸೇಫ್ಟಿ ಪಿನ್. ಜೋಡಿ ಎಳೆಗಳು ಬೇರ್ಪಡುವ ಎರಡನೆಯ ಅನಾಫೇಸ್‌ವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಅಲ್ಲಿ ಒಬ್ಬ ಹುಡುಗಿ ಎದ್ದು, "ಸರ್, ಪಿನ್ ಒಂದೇ ಇದೆ, ಎಳೆ ಎರಡಾದವು. ಇನ್ನೊಂದು ಎಳೆಗೆ ಪಿನ್ ಎಲ್ಲಿಂದ ಬರುತ್ತದೆ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಎರಡು ವಾರ ಅದೇ ಯೋಚನೆ. ಕೊನೆಗೆ ಹೊಲಿಗೆ ಅಂಗಡಿಯಲ್ಲಿ ದರ್ಜಿ ಟಿಚ್ ಬಟನ್ ಬಿಡಿಸುತ್ತಿದ್ದುದನ್ನು ಕಂಡಾಗ ಉತ್ತರ ಕಣ್ಣೆದುರೇ ಇತ್ತು. ಒತ್ತಿದರೆ ಒಂದು ಗುಂಡಿ, ಬಿಡಿಸಿದರೆ ಎರಡು.

ಒಂದು ಎಳೆಗೆ ಅರ್ಧ ಗುಂಡಿ ಹೊಲಿಯಿರಿ. ಡಿಎನ್‌ಎ ನಕಲಾಗುವ ಮುಂಚಿನ ಜಿ1 ಹಂತದಲ್ಲಿ ಅದು ಒಂದು ಕ್ರೋಮೊಸೋಮ್. ನಕಲಾಗುವ ಎಸ್ ಹಂತದಲ್ಲಿ ಅದೇ ಬಣ್ಣದ ಇನ್ನೊಂದು ಎಳೆಯನ್ನು ತಂದು ಗುಂಡಿ ಒತ್ತಿರಿ. ಎಳೆ ಎರಡಾದರೂ ಗುಂಡಿ ಒಂದೇ, ಆದ್ದರಿಂದ ಕ್ರೋಮೊಸೋಮ್ ಕೂಡ ಒಂದೇ. ಡಿಎನ್‌ಎ ಬೇಕೆಂದರೆ ಎಳೆ ಎಣಿಸಿ, ಕ್ರೋಮೊಸೋಮ್ ಬೇಕೆಂದರೆ ಗುಂಡಿ ಎಣಿಸಿ. ಬಿಡಿಯಾದ ಅರ್ಧವನ್ನೂ ಒಂದೆಂದೇ ಎಣಿಸಿ. ನಾಲ್ಕು ಕ್ರೋಮೊಸೋಮ್‌ಗಳ ಕೋಶವಾದರೆ ಮೊದಲು ನಾಲ್ಕು ಎಳೆ, ನಾಲ್ಕು ಗುಂಡಿ. ನಕಲಾದ ಮೇಲೆ ಎಂಟು ಎಳೆ, ನಾಲ್ಕು ಗುಂಡಿ. ಮೊದಲ ವಿಭಜನೆಯ ನಂತರ ಪ್ರತಿ ಕೋಶಕ್ಕೆ ನಾಲ್ಕು ಎಳೆ, ಎರಡು ಗುಂಡಿ. ಕೊನೆಗೆ ಎರಡು ಎಳೆ, ಎರಡು ಅರ್ಧ ಗುಂಡಿ. ಎರಡನೆಯ ವಿಭಜನೆಯಲ್ಲಿ ಸಂಖ್ಯೆ ಏಕೆ ಇಳಿಯುವುದಿಲ್ಲ ಎಂದು ಆಮೇಲೆ ಯಾರೂ ಕೇಳಲಿಲ್ಲ. ಗುಂಡಿ ಬಿಚ್ಚಿಕೊಳ್ಳುವ ಟಕ್ ಶಬ್ದವೇ ಅದನ್ನು ಹೇಳುತ್ತದೆ.

ಹದಿನೈದು ಗುಂಪುಗಳಿಗೆ ಐದು ಡಜನ್ ಗುಂಡಿ, ಕೆಂಪು ಮತ್ತು ನೀಲಿ ಉಣ್ಣೆ (ಒಂದು ಬಣ್ಣ ತಾಯಿಯದು, ಇನ್ನೊಂದು ತಂದೆಯದು), ಎಲ್ಲ ಸೇರಿ 200 ರೂಪಾಯಿಯ ಒಳಗೆ. "ನೀಟ್ ಬರೆಯುವ ಮಕ್ಕಳಿಗೆ ಅಂಗನವಾಡಿ ಆಟವೇ?" ಎಂದಿದ್ದ ಸಹೋದ್ಯೋಗಿ ಈ ವರ್ಷ ನನ್ನ ಪೆಟ್ಟಿಗೆಯನ್ನೇ ಎರವಲು ಪಡೆದರು. ಎಳೆಗಳು ಗೋಜಲಾಗದಂತೆ ಪೆಟ್ಟಿಗೆಯಲ್ಲಿ ಹೇಗೆ ಇಡುತ್ತೇನೆ ಎಂಬುದನ್ನು ಮಾತ್ರ ಅವರಿಗೂ ಹೇಳಿಲ್ಲ.

ಕ್ರಾಸಿಂಗ್ ಓವರ್‌ಗೆ (ಜೋಡಿ ಕ್ರೋಮೊಸೋಮ್‌ಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದಕ್ಕೆ) ಕೆಂಪು ಎಳೆಯೊಂದು, ನೀಲಿ ಎಳೆಯೊಂದು ಕತ್ತರಿಸಿ ಅದಲುಬದಲು ಗಂಟು ಹಾಕಬೇಕು. ಮೊದಲ ಸಲ ಅರ್ಧ ತರಗತಿ ಎರಡೂ ಕೆಂಪನ್ನೇ ಕತ್ತರಿಸಿತು. ಅದೂ ಒಳ್ಳೆಯದೇ ಆಯಿತು, ಸೋದರಿ ಎಳೆಗಳ (ಒಂದೇ ಕ್ರೋಮೊಸೋಮ್‌ನ ಎರಡು ನಕಲುಗಳ) ನಡುವೆ ವಿನಿಮಯವಾದರೆ ಹೊಸದೇನೂ ಹುಟ್ಟದು ಎಂದು ಅವರೇ ಕಂಡುಕೊಂಡರು. ದ್ವಿತೀಯ ಪಿಯುಸಿಯವರೊಂದಿಗೆ ಇದನ್ನೇ ಸ್ವಲ್ಪ ಮುಂದಕ್ಕೆ ಎಳೆದೆ. ತಳಿವಿಜ್ಞಾನಿ ಮಾರ್ಗನ್ ಅವರ ಹಣ್ಣುನೊಣದ ಮರುಸಂಯೋಜನೆಯ (ಒಟ್ಟಿಗಿದ್ದ ಜೀನ್‌ಗಳು ಬೇರೆಯಾಗುವ) ಅಂಕಿಗಳು, ಹತ್ತಿರದ ಜೀನ್‌ಗಳಿಗೆ 1.3 ಶೇಕಡಾ ಮತ್ತು ದೂರದವಕ್ಕೆ 37.2 ಶೇಕಡಾ, ಪಠ್ಯದಲ್ಲಿವೆ. ಆದರೆ ಮರುಸಂಯೋಜನೆ ಐವತ್ತು ಶೇಕಡಾವನ್ನು ಏಕೆ ದಾಟುವುದಿಲ್ಲ ಎಂಬುದು ಯಾರ ತಲೆಗೂ ಹೋಗುತ್ತಿರಲಿಲ್ಲ. ಜೀನ್‌ಗಳ ಬದಲಿಗೆ ಎಳೆಗಳಿಗೆ ಮಣಿ ಪೋಣಿಸಿ, ಕಣ್ಣು ಮುಚ್ಚಿ ಬೆರಳಿಟ್ಟ ಜಾಗದಲ್ಲಿ ವಿನಿಮಯವಾಯಿತೆಂದು ಬರೆದುಕೊಳ್ಳಲು ಹೇಳಿದೆ. ಅಕ್ಕಪಕ್ಕದ ಮಣಿಗಳು ನೂರು ಎಳೆಗಳಲ್ಲಿ ನಾಲ್ಕೈದರಲ್ಲಿ ಬೇರೆಯಾದವು. ಎರಡು ತುದಿಗಳವು ನಲವತ್ತೈದರ ಆಸುಪಾಸು. ಪ್ರತಿ ಬಾರಿ ವಿನಿಮಯವಾದರೂ ನಾಲ್ಕು ಎಳೆಗಳಲ್ಲಿ ಬದಲಾಗುವುದು ಎರಡೇ ಅಲ್ಲವೇ?

ದಾರದಲ್ಲಿ ಕಂಡದ್ದನ್ನು ಜೀವಕೋಶದಲ್ಲೂ ತೋರಿಸುವ ಹಟ ಹತ್ತಿತು. ಬೀಜಕ್ಕೆ ಬಿಟ್ಟ ಈರುಳ್ಳಿ ಹೊಲದಿಂದ ಹೂಗೊಂಚಲು ತಂದು, ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಹಾಕಿಟ್ಟೆ. ಮೊದಲ ಇಪ್ಪತ್ತು ಸ್ಲೈಡ್‌ಗಳಲ್ಲಿ ಬರೀ ಪರಾಗ. ಪರಾಗಕೋಶ ಹಳದಿಯಾಗಿದ್ದರೆ ಹೊತ್ತು ಮೀರಿತೆಂದೇ ಅರ್ಥ. ಇನ್ನೂ ತಿಳಿಹಸಿರಾಗಿರುವ ಸಣ್ಣ ಮೊಗ್ಗು ಬೇಕು. ಅಸಿಟೋಕಾರ್ಮೈನ್ ಬಣ್ಣ ಗಾಢವಾಗಿ ಹಿಡಿಯಲು ನನ್ನದೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಮೂರನೆಯ ಭಾನುವಾರ ಡಯಾಕೈನೆಸಿಸ್ (ಕ್ರೋಮೊಸೋಮ್‌ಗಳು ಇನ್ನೂ ಜೋಡಿಯಾಗಿರುವಾಗಲೇ ಎಣಿಸಬಹುದಾದ ಹಂತ) ಸ್ಪಷ್ಟವಾಗಿ ಸಿಕ್ಕಿತು. ಸೇಫ್ಟಿ ಪಿನ್ ಬಗ್ಗೆ ಕೇಳಿದ್ದ ಹುಡುಗಿಯನ್ನೇ ಮೊದಲು ಕರೆದೆ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಎಣಿಸಿದಳು: "ಎಂಟು ಜೋಡಿ ಸರ್. ಅಂದರೆ ಹದಿನಾರು ಗುಂಡಿ, ಮೂವತ್ತೆರಡು ಎಳೆ."