ಕ್ಷಾರ ಹಾಕಿದರೆ ಬಣ್ಣ ವಾಪಸ್ ಬಂತು

ಕಾಗದ ಕಾರ್ಖಾನೆಯ ಕಪ್ಪು ನೀರಿಗೆ ಆ ಬಣ್ಣ ಕೊಡುವುದೇ ಲಿಗ್ನಿನ್. ಮರದ ನಾರನ್ನು ಅಂಟಿಸಿ ಹಿಡಿದಿರುವ ವಸ್ತು ಅದು. ಅದನ್ನು ಚೆನ್ನಾಗಿ ಒಡೆಯುವುದು ಮರವನ್ನು ಬೆಳ್ಳಗಾಗಿಸಿ ಕೊಳೆಸುವ ಶಿಲೀಂಧ್ರಗಳು, ನಿಜ. ಆದರೆ ಅವಕ್ಕೆ ಸ್ವಲ್ಪ ಹುಳಿಯ ವಾತಾವರಣ ಬೇಕು, ಈ ನೀರೋ ಪೂರ್ತಿ ಕ್ಷಾರ. ಹಾಗಾಗಿ ನಾನು ಬ್ಯಾಕ್ಟೀರಿಯಾ ಹಿಡಿದೆ.

ತ್ಯಾಜ್ಯದ ಹೊಂಡದ ಕೆಸರು ತಂದು, ಲಿಗ್ನಿನ್ ಬಿಟ್ಟರೆ ಬೇರೆ ಆಹಾರವೇ ಇಲ್ಲದ ತಟ್ಟೆಗಳಲ್ಲಿ ಬೆಳೆಸಿದೆ. ಬದುಕಿದವುಗಳಲ್ಲಿ ಒಂದು ಬ್ಯಾಸಿಲಸ್ ಚುರುಕಾಗಿತ್ತು. ಅದು ಬೇಗ ಬೆಳೆಯಲಿ ಅಂತ ಫ್ಲಾಸ್ಕಿಗೆ ಒಂಚೂರು ಗ್ಲೂಕೋಸ್ ಹಾಕಿದೆ. ಐದೇ ದಿನಕ್ಕೆ ಮಸಿಯಂತಿದ್ದ ನೀರು ತೆಳು ಕಂದಾಯಿತು. ಖುಷಿಯೋ ಖುಷಿ!

ಪಿಎಚ್ ನೋಡಿದಾಗ ಖುಷಿ ಇಳಿಯಿತು. 9 ಇದ್ದದ್ದು 5ರ ಹತ್ತಿರ ಬಂದಿತ್ತು. ಬ್ಯಾಕ್ಟೀರಿಯಾ ಗ್ಲೂಕೋಸ್ ತಿಂದು ಆಮ್ಲ ಬಿಟ್ಟಿತ್ತು. ಆಮ್ಲ ಹೆಚ್ಚಾದರೆ ಲಿಗ್ನಿನ್ ಕರಗಿರುವುದಿಲ್ಲ, ತಳಕ್ಕೆ ಕೂರುತ್ತದೆ. ಅನುಮಾನಕ್ಕೆ ಫ್ಲಾಸ್ಕನ್ನು ಅಲ್ಲಾಡಿಸಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದೆ. ಬಣ್ಣ ಹೆಚ್ಚುಕಡಿಮೆ ಪೂರ್ತಿ ವಾಪಸ್! ಲಿಗ್ನಿನ್ ಒಡೆದೇ ಇರಲಿಲ್ಲ, ಸುಮ್ನೆ ಕೆಳಗೆ ಕೂತಿತ್ತು.

ಅಂದಿನಿಂದ ಪ್ರತಿ ಮಾದರಿಯನ್ನೂ ಮೊದಲು 7.6 ಪಿಎಚ್‌ಗೆ ತಂದು, ಸೋಸಿ, ಆಮೇಲೆ 465 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಬಣ್ಣ ಅಳೆಯುತ್ತೇನೆ. ಪಕ್ಕದಲ್ಲಿ ಬಿಸಿಮಾಡಿ ಕೊಂದ ಬ್ಯಾಕ್ಟೀರಿಯಾದ ಫ್ಲಾಸ್ಕೂ ಇರುತ್ತದೆ. ಸತ್ತ ಜೀವಕೋಶಗಳಿಗೂ ಲಿಗ್ನಿನ್ ಅಂಟಿಕೊಳ್ಳುತ್ತದೆ, ಅದನ್ನೂ ಕಳೆಯಬೇಕು ಅಲ್ವಾ?

ಇನ್ನು ಕಿಣ್ವದ ಕಥೆ. ನಾನು ಹುಡುಕುತ್ತಿದ್ದದ್ದು ಲ್ಯಾಕೇಸ್, ಲಿಗ್ನಿನ್ ಒಡೆಯಲು ನೆರವಾಗುವ, ತಾಮ್ರ ಇರುವ ಕಿಣ್ವ. ಎಬಿಟಿಎಸ್ ಎಂಬ ರಾಸಾಯನಿಕ ಹಾಕಿದರೆ ಹಸಿರಾಗಬೇಕು, ಅದನ್ನು 420 ನ್ಯಾನೋಮೀಟರಿನಲ್ಲಿ ಅಳೆಯುತ್ತೇವೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಪರೀಕ್ಷಿಸಿದೆ, ಹಸಿರೇ ಇಲ್ಲ. ಎರಡು ವಾರ ತಾಮ್ರದ ಪ್ರಮಾಣ ಬದಲಿಸುತ್ತಾ ಕೂತೆ. ನಮ್ಮ ಪ್ರಯೋಗಾಲಯದ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ತಳದ ಗಸಿ ಏನು ಮಾಡಿದ್ರಿ?" ಚೆಲ್ಲಿದ್ದೆ! ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಕಾಟ್‌ಎ ಎಂಬ ಲ್ಯಾಕೇಸ್ ಇರುವುದು ಬೀಜಕದ (ಕಷ್ಟಕಾಲಕ್ಕೆ ಬ್ಯಾಕ್ಟೀರಿಯಾ ತಾಳುವ ಗಟ್ಟಿ ರೂಪ) ಹೊರಕವಚದಲ್ಲಿ, ಬೀಜಕ ಕೂರುವುದೋ ಗಸಿಯಲ್ಲಿ. ನನ್ನದೂ ಅದೇ ಜಾತಿಯ ಹತ್ತಿರದ್ದು. ಮುಂದಿನ ಸಲ ಬೀಜಕಗಳಾಗುವವರೆಗೆ ಕಾದು ಗಸಿಗೇ ಎಬಿಟಿಎಸ್ ಹಾಕಿದೆ. ಕೆಲವೇ ನಿಮಿಷದಲ್ಲಿ ಹಸಿರು.

ಈಗ ಗ್ಲೂಕೋಸ್ ತೀರಾ ಕಡಿಮೆ, ಜೊತೆಗೆ ಪಿಎಚ್ ಇಳಿಯದಂತೆ ಹಿಡಿಯುವ ಬಫರ್. ಬಣ್ಣ ಇಳಿಯುವುದು ಮೊದಲ ವಾರ ಕಂಡದ್ದರ ಕಾಲು ಭಾಗವೂ ಇಲ್ಲ. ಆದರೆ ಕ್ಷಾರ ಹಾಕಿದರೆ ವಾಪಸ್ ಬರುವುದಿಲ್ಲ.